ಪೇಪರ್ ಎಲ್ಲಿ ಹಾಕೋಣ? ಚಂದಾ ಜರ್ನಲ್, ಎಪಿಸಿ, ಡೈಮಂಡ್, ರೆಪೊಸಿಟರಿ: ಒಂದು ಹೋಲಿಕೆ

ಸಂಶೋಧನಾ ಪೇಪರ್ ಬರೆದು ಮುಗಿಸಿದ ಮೇಲೆ ನಮ್ಮಲ್ಲಿ ಮೊದಲು ಬರುವ ಪ್ರಶ್ನೆ, ಆ ಜರ್ನಲ್ "ಸ್ಕೋಪಸ್‌ನಲ್ಲಿ ಇದೆಯಾ?" ಅಂತ, ಅಂದರೆ ಜರ್ನಲ್‌ಗಳ ಆ ದೊಡ್ಡ ಸೂಚಿಯಲ್ಲಿ ಅದರ ಹೆಸರಿದೆಯಾ ಅಂತ. ಆಮೇಲೆ "ಎಷ್ಟು ದಿನಕ್ಕೆ ಬರುತ್ತೆ?" ದುಡ್ಡಿನ ಮಾತು ಬರುವುದು ಕೊನೆಗೆ, ಅದೂ ಬಿಲ್ ಕೈಗೆ ಬಂದಾಗ. ಆ ಪೇಪರ್ ಯಾರಿಗೆ ಓದಲು ಸಿಗುತ್ತದೆ ಅನ್ನುವ ಪ್ರಶ್ನೆ ಎಷ್ಟೋ ಸಲ ಬರುವುದೇ ಇಲ್ಲ.

ಪ್ರಶ್ನೆಗಳ ಈ ಸಾಲು ತಿರುವುಮುರುವಾಗಬೇಕು. ಜರ್ನಲ್ ಹುಡುಕುವ ಮೊದಲೇ ಇದಕ್ಕೆ ದುಡ್ಡು ಹಾಕುವವರು ಯಾರು, ಇದು ಯಾರ ಕೈಗೆ ಸಿಗುತ್ತದೆ ಅಂತ ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಪ್ರಾಜೆಕ್ಟ್ ದುಡ್ಡಿಲ್ಲದೆ ಸಂಶೋಧನೆ ಮಾಡುವ ಪಿಎಚ್‌ಡಿ ವಿದ್ಯಾರ್ಥಿಗಳು, ಡಿಗ್ರಿ ಕಾಲೇಜಿನ ಮೇಷ್ಟ್ರುಗಳು, ಮೇಡಂಗಳು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬರೆಯುವವರಿಂದ ದುಡ್ಡು ಕೇಳದ ಒಳ್ಳೆ ಜರ್ನಲ್ ಆರಿಸಿ, ಒಪ್ಪಿಗೆಯಾದ ಪ್ರತಿಯನ್ನು ರೆಪೊಸಿಟರಿಗೆ, ಅಂದರೆ ಯಾರು ಬೇಕಾದರೂ ಓದಬಹುದಾದ ಆನ್‌ಲೈನ್ ಪೇಪರ್ ಭಂಡಾರಕ್ಕೆ ಹಾಕಿ. ಸ್ವಂತ ಜೇಬಿನಿಂದ ದುಡ್ಡು ಕಟ್ಟುವುದು ಕಟ್ಟಕಡೆಯ ದಾರಿ.

ದುಡ್ಡು ಎಲ್ಲಿಂದ ಎಲ್ಲಿಗೆ ಹೋಗುತ್ತದೆ

ಪೇಪರ್ ಬರೆದವರಿಗೆ ಜರ್ನಲ್ ದುಡ್ಡು ಕೊಡುವುದಿಲ್ಲ. ರಿವ್ಯೂ ಮಾಡಿದವರಿಗೂ, ಅಂದರೆ ಅಚ್ಚಿಗೆ ಮುಂಚೆ ಪೇಪರ್ ಓದಿ ತೂಗಿ ನೋಡುವ ವಿಷಯತಜ್ಞರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಸಂಪಾದಕರಲ್ಲಿ ಕೆಲವರಿಗೆ ಗೌರವಧನ ಸಿಗುತ್ತದೆ, ಹಲವರಿಗೆ ಅದೂ ಇಲ್ಲ. ಇವರ ಸಂಬಳ ಬರುವುದು ಯೂನಿವರ್ಸಿಟಿಯಿಂದ, ಅಂದರೆ ಬಹುಪಾಲು ಜನರ ತೆರಿಗೆಯಿಂದ. ಆಮೇಲೆ ಅದೇ ಯೂನಿವರ್ಸಿಟಿಯ ಲೈಬ್ರರಿ ಅದೇ ಪೇಪರ್ ಓದಲು ಚಂದಾ ಕಟ್ಟುತ್ತದೆ.

ಅಂಗಡಿಯಲ್ಲಿ ಒಂದು ಸೋಪು ದುಬಾರಿಯಾದರೆ ಪಕ್ಕದ ಸೋಪು ತಗೋಬಹುದು. ಪೇಪರ್ ವಿಷಯದಲ್ಲಿ ಹಾಗಾಗುವುದಿಲ್ಲ. ನಿಮಗೆ ಬೇಕಾದ ಪ್ರಯೋಗದ ವಿವರ ಒಂದೇ ಜರ್ನಲ್‌ನಲ್ಲಿ ಇರುತ್ತದೆ, ಅದಕ್ಕೆ ಬದಲಿ ಇಲ್ಲ. ಬೆಲೆ ಏರಿಸಿದರೂ ಲೈಬ್ರರಿ ಬಿಡಲಾರದು. ಎರಡನೇ ಮಹಾಯುದ್ಧದ ನಂತರ ಪರ್ಗಮಾನ್ ಪ್ರೆಸ್ ಅನ್ನುವ ಪ್ರಕಾಶನ ಸಂಸ್ಥೆ ಕಟ್ಟಿದ ರಾಬರ್ಟ್ ಮ್ಯಾಕ್ಸ್‌ವೆಲ್ ಇದನ್ನು ಚೆನ್ನಾಗಿ ಅರಿತಿದ್ದರು. ಹೊಸ ಹೊಸ ವಿಷಯಕ್ಕೆ ಒಂದೊಂದು ಜರ್ನಲ್ ತೆಗೆಯುತ್ತಾ ಹೋದರು. 1991ರಲ್ಲಿ ಪರ್ಗಮಾನ್, ಎಲ್ಸೆವಿಯರ್ ಅನ್ನುವ ದೊಡ್ಡ ಜರ್ನಲ್ ಪ್ರಕಾಶಕರ ಪಾಲಾಯಿತು. ಎಲ್ಸೆವಿಯರ್‌ನ ಮಾತೃಸಂಸ್ಥೆ ರೆಲ್ಕ್ಸ್‌ನ 2023ರ ಲೆಕ್ಕಪತ್ರ ನೋಡಿದರೆ, ವಿಜ್ಞಾನ ಮತ್ತು ವೈದ್ಯಕೀಯ ವಿಭಾಗದ ಆದಾಯ 300 ಕೋಟಿ ಪೌಂಡ್ ದಾಟಿದೆ. ಅದರಲ್ಲಿ ಲಾಭದ ಪಾಲು ಶೇ. 38ರ ಹತ್ತಿರ.

ಇದರ ಬಿಸಿ ಬಡವರಿಗೆ ಮಾತ್ರ ತಟ್ಟಿದ್ದಲ್ಲ. 2012ರಲ್ಲಿ ಹಾರ್ವರ್ಡ್ ಯೂನಿವರ್ಸಿಟಿಯ ಲೈಬ್ರರಿ ಸಲಹಾ ಮಂಡಳಿಯೇ ಕೆಲವು ಪ್ರಕಾಶಕರ ಜರ್ನಲ್‌ಗಳಿಗೆ ವರ್ಷಕ್ಕೆ 37.5 ಲಕ್ಷ ಡಾಲರ್ ಹೋಗುತ್ತಿದೆ, ಇದು ಹೀಗೇ ನಡೆಯಲು ಸಾಧ್ಯವಿಲ್ಲ ಅಂತ ತನ್ನ ಅಧ್ಯಾಪಕರಿಗೆ ಬರೆಯಿತು. 2019ರಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಎಲ್ಸೆವಿಯರ್ ಚಂದಾವನ್ನೇ ನಿಲ್ಲಿಸಿತು. ಹೊಸ ಒಪ್ಪಂದ ಆಗಲು 2021ರ ಮಾರ್ಚ್ ಬೇಕಾಯಿತು. ಅಷ್ಟು ದೊಡ್ಡವರಿಗೇ ಹೀಗಾದರೆ ಒಂದು ತಾಲ್ಲೂಕು ಕಾಲೇಜಿನ ಲೈಬ್ರರಿಯ ಪಾಡೇನು ಅಂತ ಯೋಚಿಸಿ.

ಚಂದಾ ಜರ್ನಲ್

ಇದು ಹಳೆಯ ದಾರಿ. ನೀವು ಏನೂ ಕೊಡಬೇಕಿಲ್ಲ, ಓದುವವರು ಕೊಡುತ್ತಾರೆ. ದುಡ್ಡಿಲ್ಲದ ಸಂಶೋಧಕರಿಗೆ ಇದು ಇಂದಿಗೂ ಗೌರವದ ಆಯ್ಕೆಯೇ, ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಹೆಸರಾಂತ ಜರ್ನಲ್‌ಗಳಲ್ಲಿ ಬಹಳಷ್ಟು ಇನ್ನೂ ಇದೇ ದಾರಿಯಲ್ಲಿವೆ. ತೊಂದರೆ ಇರುವುದು ಓದುವ ಕಡೆ.

ನಮ್ಮ ದೇಶದಲ್ಲಿ ಈ ತೊಂದರೆ ಈಚೆಗೆ ಸ್ವಲ್ಪ ಕಮ್ಮಿಯಾಗಿದೆ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ "ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್" ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. 6,300ಕ್ಕೂ ಹೆಚ್ಚು ಸರ್ಕಾರಿ ಕಾಲೇಜು, ಯೂನಿವರ್ಸಿಟಿ, ಸಂಶೋಧನಾ ಸಂಸ್ಥೆಗಳು. 2025ರ ಜನವರಿ 1ರಿಂದ ಶುರುವಾಯಿತು, ನೋಡಿಕೊಳ್ಳುವುದು ಗಾಂಧಿನಗರದ ಇನ್‌ಫ್ಲಿಬ್‌ನೆಟ್, ಯೂನಿವರ್ಸಿಟಿ ಲೈಬ್ರರಿಗಳನ್ನು ಜೋಡಿಸುವ ಕೇಂದ್ರ. ಸರ್ಕಾರಿ ಕಾಲೇಜಿನವರು ನೀವಾಗಿದ್ದರೆ ಇವತ್ತೇ ನಿಮ್ಮ ಲೈಬ್ರರಿಯನ್‌ರನ್ನು ಕೇಳಿ ಲಾಗಿನ್ ಮಾಡಿಸಿಕೊಳ್ಳಿ. ಎಷ್ಟೋ ಕಡೆ ಸೌಲಭ್ಯ ಇದ್ದೂ ಯಾರೂ ತೆರೆದು ನೋಡಿರುವುದಿಲ್ಲ.

ಆದರೆ ಇದರ ಮಿತಿಯೂ ಗೊತ್ತಿರಲಿ. ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳು ಸೇರಿಲ್ಲ, ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅಲ್ಲೇ ಓದುತ್ತಾರೆ ಅಲ್ವಾ? ಸ್ವಂತ ಕ್ಲಿನಿಕ್ ನಡೆಸುವ ಡಾಕ್ಟರಿಗೆ, ಪತ್ರಕರ್ತರಿಗೆ, ಕೆರೆ ಉಳಿಸಲು ಹೊರಟ ಊರಿನ ಸಂಘಕ್ಕೆ ಇದರಿಂದ ಬಾಗಿಲು ತೆರೆಯುವುದಿಲ್ಲ. ಅಂಕಸಮುದ್ರದ ಹಕ್ಕಿಗಳ ಬಗ್ಗೆ ನೀವು ಬರೆದ ಪೇಪರ್ ಅಂಕಸಮುದ್ರದವರಿಗೇ ಸಿಗದೆ ಹೋಗಬಹುದು. ದೇಶ ದುಡ್ಡು ಕಟ್ಟಿದ ಮಾತ್ರಕ್ಕೆ ಪೇಪರ್ ಎಲ್ಲರಿಗೂ ತೆರೆದುಕೊಂಡಂತೆ ಆಗುವುದಿಲ್ಲ. ಚಂದಾ ನಿಂತ ದಿನ ಹೊಸ ಪೇಪರ್‌ಗಳೂ ನಿಲ್ಲುತ್ತವೆ.

ದುಡ್ಡು ಕೊಟ್ಟು ತೆರೆಯುವ ದಾರಿ

2002ರ ಬುಡಾಪೆಸ್ಟ್ ಘೋಷಣೆಯಿಂದ ಓಪನ್ ಆಕ್ಸೆಸ್ ಅನ್ನುವ ಹೆಸರು ಜನರ ಬಾಯಲ್ಲಿ ನಿಂತಿತು. ಇಂಟರ್ನೆಟ್ ಇರುವ ಯಾರೇ ಆದರೂ ದುಡ್ಡು ಕೊಡದೆ ಓದಲಿ, ಇಳಿಸಿಕೊಳ್ಳಲಿ, ಹಂಚಲಿ ಅನ್ನುವುದು ಅದರ ಆಸೆ. ಹಾಗಾದರೆ ಖರ್ಚು ಯಾರದ್ದು? ಪ್ರಕಾಶಕರು ಕಂಡುಕೊಂಡ ಉತ್ತರ ಎಪಿಸಿ, ಅಂದರೆ ಬರೆದವರೇ ಕಟ್ಟುವ ಶುಲ್ಕ. ಇದಕ್ಕೆ ಗೋಲ್ಡ್ ಅನ್ನುತ್ತಾರೆ. ಚಂದಾ ಜರ್ನಲ್‌ನಲ್ಲೇ ದುಡ್ಡು ಕಟ್ಟಿ ನಿಮ್ಮ ಒಂದು ಪೇಪರ್ ಮಾತ್ರ ತೆರೆಸಿದರೆ ಅದು ಹೈಬ್ರಿಡ್.

ಶುಲ್ಕ ಎಷ್ಟು? ನೇಚರ್ ಪತ್ರಿಕೆ 2021ರಲ್ಲಿ ಈ ಸೌಲಭ್ಯ ಶುರು ಮಾಡಿದಾಗ ಇಟ್ಟ ಬೆಲೆ 9,500 ಯೂರೋ. ಅದು ತುತ್ತತುದಿ ಅನ್ನಬಹುದು. ಸ್ವಲ್ಪ ಕೆಳಗೆ ನೋಡೋಣ. ಮೆದುಳಿನ ಸ್ಕ್ಯಾನ್ ಸಂಶೋಧನೆಯ ಜರ್ನಲ್ ನ್ಯೂರೋಇಮೇಜ್ 2023ರಲ್ಲಿ ಕೇಳುತ್ತಿದ್ದುದು 3,450 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 2 ಲಕ್ಷ 80 ಸಾವಿರ ರೂಪಾಯಿ. ನಮ್ಮಲ್ಲಿ ಜೆಆರ್‌ಎಫ್ ಅನ್ನುವ ಸರ್ಕಾರಿ ಸಂಶೋಧನಾ ಫೆಲೋಶಿಪ್ ಪಡೆಯುವ ವಿದ್ಯಾರ್ಥಿಗೆ ತಿಂಗಳಿಗೆ ಸಿಗುವುದು 37,000 ರೂಪಾಯಿ. ಏಳು ತಿಂಗಳ ಫೆಲೋಶಿಪ್ ಪೂರ್ತಿ ಹಾಕಿದರೂ ಒಂದು ಪೇಪರಿಗೆ ಸಾಲದು. ಶುಲ್ಕ ಇಳಿಸಿ ಅಂತ ಅದರ ಸಂಪಾದಕರೇ ಪ್ರಕಾಶಕರನ್ನು ಕೇಳಿಕೊಂಡರು. ಇಳಿಸಲಿಲ್ಲ. 2023ರ ಏಪ್ರಿಲ್‌ನಲ್ಲಿ 40ಕ್ಕೂ ಹೆಚ್ಚು ಸಂಪಾದಕರು ಒಟ್ಟಿಗೆ ರಾಜೀನಾಮೆ ಕೊಟ್ಟು, ಎಂಐಟಿ ಪ್ರೆಸ್ ಜೊತೆ ಇಮೇಜಿಂಗ್ ನ್ಯೂರೋಸೈನ್ಸ್ ಅನ್ನುವ ಹೊಸ ಜರ್ನಲ್ ಶುರು ಮಾಡಿದರು. ಜರ್ನಲ್ ಅಂದರೆ ಹೆಸರೋ, ಅದನ್ನು ನಡೆಸುವ ಜನರೋ? ನನ್ನ ಮಟ್ಟಿಗೆ ಆ ಜನರೇ.

ಬಡ ದೇಶದವರಿಗೆ ಶುಲ್ಕ ಮಾಫಿ ಇರುತ್ತದಲ್ಲ ಅಂತ ಕೇಳಬಹುದು. ಇರುತ್ತದೆ. ಆದರೆ ಆ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಭಾರತ ಇರುವುದಿಲ್ಲ. ನಮ್ಮದು ದೊಡ್ಡ ಆರ್ಥಿಕತೆ ಅಂತ ಹೊರಗಿಡುತ್ತಾರೆ. ಹಾಗಂತ ಕೇಳದೆ ಸುಮ್ನಿರಬೇಡಿ. ಪೇಪರ್ ಕಳಿಸುವಾಗಲೇ ಸಂಪಾದಕರಿಗೆ ಒಂದು ಪತ್ರ ಬರೆದು ಪ್ರಾಜೆಕ್ಟ್ ಅನುದಾನ ಇಲ್ಲ ಅಂತ ತಿಳಿಸಿ. ಒಪ್ಪಿಗೆ ಆದ ಮೇಲೆ ಕೇಳಿದರೆ ಬಹಳ ಕಡೆ ಪರಿಗಣಿಸುವುದಿಲ್ಲ. ಒನ್ ನೇಷನ್ ಯೋಜನೆಯಲ್ಲೂ ಆಯ್ದ ಓಪನ್ ಆಕ್ಸೆಸ್ ಜರ್ನಲ್‌ಗಳ ಶುಲ್ಕಕ್ಕೆ ವರ್ಷಕ್ಕೆ 150 ಕೋಟಿವರೆಗೆ ನೆರವು ಇಡುವ ಮಾತಿದೆ. ನಿಮ್ಮ ಸಂಸ್ಥೆಗೆ ಅದು ಅನ್ವಯಿಸುತ್ತದೋ ವಿಚಾರಿಸಿ.

ಹೈಬ್ರಿಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೈಬ್ರರಿ ಒಂದು ಕಡೆ ಚಂದಾ ಕಟ್ಟುತ್ತದೆ, ನೀವು ಇನ್ನೊಂದು ಕಡೆ ಎಪಿಸಿ ಕಟ್ಟುತ್ತೀರಿ, ಎರಡೂ ಒಂದೇ ಪೆಟ್ಟಿಗೆಗೆ ಬೀಳುತ್ತವೆ. ಅನುದಾನ ಕೊಡುವ ಸಂಸ್ಥೆ ತಾನೇ ಕಟ್ಟುತ್ತೇನೆ ಅಂದರೆ ಸರಿ. ಸ್ವಂತ ದುಡ್ಡು ಹಾಕಬೇಡಿ.

ಎಪಿಸಿ ಪದ್ಧತಿಯ ದೊಡ್ಡ ಕೇಡು ಬೇರೆ ಇದೆ. ಒಪ್ಪಿದ ಪ್ರತಿ ಪೇಪರಿಗೂ ದುಡ್ಡು ಬರುವುದರಿಂದ ಹೆಚ್ಚು ಹೆಚ್ಚು ಒಪ್ಪುವ ಆಸೆ ಹುಟ್ಟುತ್ತದೆ. ಒಳ್ಳೆ ಜರ್ನಲ್‌ಗಳು ಇದನ್ನು ತಡೆದುಕೊಳ್ಳುತ್ತವೆ. ತಡೆದುಕೊಳ್ಳದವರ ಗತಿ ಹಿಂದಾವಿ ಪ್ರಕರಣದಲ್ಲಿ ಕಾಣಿಸಿತು. ವೈಲಿ ಅನ್ನುವ ಪ್ರಕಾಶನ ಕಂಪನಿ 2021ರಲ್ಲಿ ಓಪನ್ ಆಕ್ಸೆಸ್ ಪ್ರಕಾಶಕ ಹಿಂದಾವಿಯನ್ನು 298 ದಶಲಕ್ಷ ಡಾಲರಿಗೆ ಕೊಂಡಿತ್ತು. ವಿಶೇಷ ಸಂಚಿಕೆಗಳ ಮೂಲಕ ನಕಲಿ ಪೇಪರ್‌ಗಳು ಹೊಳೆಯಂತೆ ನುಗ್ಗಿದ್ದವು. 2023ರಲ್ಲಿ 8,000ಕ್ಕೂ ಹೆಚ್ಚು ಪೇಪರ್‌ಗಳನ್ನು ಹಿಂತೆಗೆದುಕೊಳ್ಳಬೇಕಾಯಿತು, ಕೊನೆಗೆ ಆ ಹೆಸರನ್ನೇ ಕೈಬಿಡುವುದಾಗಿ ವೈಲಿ ಹೇಳಿತು. ಪ್ರಾಮಾಣಿಕವಾಗಿ ಕೆಲಸ ಮಾಡಿ ಅಲ್ಲಿ ಬರೆದವರೂ ಇದ್ದರು. ಅವರ ಬಯೋಡೇಟಾದಲ್ಲಿ ಈಗ ಆ ಹೆಸರನ್ನು ಜನ ಅನುಮಾನದಿಂದ ನೋಡುತ್ತಾರೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಇನ್ನು ಪಕ್ಕಾ ಮೋಸದ ಜರ್ನಲ್‌ಗಳು. ಇವುಗಳ ಮೇಲ್ ಎಲ್ಲರಿಗೂ ಬಂದಿರುತ್ತದೆ. "ಡಿಯರ್ ಎಮಿನೆಂಟ್ ಪ್ರೊಫೆಸರ್" ಅಂತ ಶುರುವಾಗುತ್ತದೆ, ನೀವು ಎಂ.ಎ. ಎರಡನೇ ವರ್ಷದಲ್ಲಿ ಇದ್ದರೂ ಸರಿ. ಹೆಸರು ಯಾವಾಗಲೂ "ಇಂಟರ್‌ನ್ಯಾಷನಲ್ ಜರ್ನಲ್ ಆಫ್" ಏನೋ ಒಂದು, ಅದರಲ್ಲಿ ಕನ್ನಡ ಕಾವ್ಯದಿಂದ ಕಾಂಕ್ರೀಟ್‌ವರೆಗೆ ಎಲ್ಲಕ್ಕೂ ಜಾಗ. ಮೂರು ದಿನದಲ್ಲಿ ರಿವ್ಯೂ, ಐದನೇ ದಿನ ಸರ್ಟಿಫಿಕೇಟ್. ಶುಲ್ಕ ಒಂದೆರಡು ಸಾವಿರ, ಯುಪಿಐನಲ್ಲೇ ಕಳಿಸಬಹುದು. ಇಂಪ್ಯಾಕ್ಟ್ ಫ್ಯಾಕ್ಟರ್ ಅಂತ, ಜರ್ನಲ್‌ನ ಪೇಪರ್‌ಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಅಂತ ಹೇಳುವ ಒಂದು ಅಂಕಿ ಇರುತ್ತದೆ, ಕೊಟ್ಟವರು ಯಾರು ಅಂತ ಹುಡುಕಿದರೆ ಸಿಗುವುದಿಲ್ಲ. ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನ ಒಪ್ಪಿತ ಪಟ್ಟಿಯಿಂದಲೇ 4,305 ಜರ್ನಲ್‌ಗಳನ್ನು ತೆಗೆದುಹಾಕಿತು ಅಂದರೆ ಈ ಕಳೆ ಎಷ್ಟು ಹಬ್ಬಿತ್ತು ಅಂತ ಅಂದಾಜಾಗುತ್ತದೆ. ಆಮೇಲೆ ಬಂದ ಯುಜಿಸಿ-ಕೇರ್ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ಈಗ ಒಳ್ಳೆಯದು ಕೆಟ್ಟದ್ದು ನೋಡುವ ಹೊಣೆ ನಮ್ಮ ನಮ್ಮ ಸಂಸ್ಥೆಗಳದ್ದು.

ಡಿಒಎಜೆ ಅನ್ನುವ ಡೈರೆಕ್ಟರಿಯಲ್ಲಿ ಜರ್ನಲ್ ಹೆಸರು ಹಾಕಿ ನೋಡಿ. 2003ರಲ್ಲಿ ಸ್ವೀಡನ್ನಿನ ಲುಂಡ್ ಯೂನಿವರ್ಸಿಟಿಯಲ್ಲಿ ಶುರುವಾದದ್ದು. ಪರಿಶೀಲಿಸಿದ ಓಪನ್ ಆಕ್ಸೆಸ್ ಜರ್ನಲ್‌ಗಳು ಮಾತ್ರ ಅಲ್ಲಿರುತ್ತವೆ. ಶುಲ್ಕ ಇದೆಯೋ ಇಲ್ಲವೋ ಅಂತಲೂ ಅಲ್ಲೇ ಬರೆದಿರುತ್ತಾರೆ. ಸಂಪಾದಕ ಮಂಡಳಿಯಲ್ಲಿ ನಿಮ್ಮ ವಿಷಯದ ಒಬ್ಬರ ಹೆಸರಿದ್ದರೆ, "ಸರ್, ನೀವು ಇದರಲ್ಲಿ ಇದ್ದೀರಾ?" ಅಂತ ನೇರವಾಗಿ ಮೇಲ್ ಮಾಡಿ. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ.

ಡೈಮಂಡ್: ಎರಡೂ ಕಡೆ ದುಡ್ಡಿಲ್ಲ

ಬರೆಯಲೂ ದುಡ್ಡಿಲ್ಲ, ಓದಲೂ ದುಡ್ಡಿಲ್ಲ. ಖರ್ಚು ವಿದ್ವತ್ ಸಂಘ, ಯೂನಿವರ್ಸಿಟಿ ಅಥವಾ ಸರ್ಕಾರದ್ದು. ಇದು ಕನಸಿನ ಮಾತು ಅಂತ ಅನ್ನುವವರಿಗೆ ದಕ್ಷಿಣ ಅಮೆರಿಕ ತೋರಿಸಿ. ಬ್ರೆಜಿಲ್ 1998ರಲ್ಲಿ ಸರ್ಕಾರಿ ದುಡ್ಡಿನಿಂದ ಸೈಯೆಲೊ ಶುರು ಮಾಡಿತು, ಅದು ಸುತ್ತಲಿನ ದೇಶಗಳಿಗೂ ಹಬ್ಬಿತು. ಕಂಪ್ಯೂಟರ್ ವಿಜ್ಞಾನದವರು 2001ರಲ್ಲೇ ಇದನ್ನು ಮಾಡಿ ತೋರಿಸಿದರು. ಮಷಿನ್ ಲರ್ನಿಂಗ್ ಅನ್ನುವ ಜರ್ನಲ್‌ನ 40 ಸಂಪಾದಕರು ಹೊರಬಂದು ಜರ್ನಲ್ ಆಫ್ ಮಷಿನ್ ಲರ್ನಿಂಗ್ ರಿಸರ್ಚ್‌ಗೆ ನಿಂತರು. ಇಂದು ಬೆಂಗಳೂರಿನ ಯಾವ ಎಐ ಲ್ಯಾಬಿನಲ್ಲಿ ಕೇಳಿದರೂ ಅದು ಮೊದಲ ಸಾಲಿನ ಜರ್ನಲ್, ಬರೆಯಲು ಓದಲು ಎರಡಕ್ಕೂ ಬಿಟ್ಟಿ. ಗಣಿತದಲ್ಲಿ ತಿಮೊತಿ ಗವರ್ಸ್ ಮತ್ತು ಗೆಳೆಯರ ಡಿಸ್ಕ್ರೀಟ್ ಅನಾಲಿಸಿಸ್ ಇನ್ನೂ ಸರಳ. ಪೇಪರ್ ಇರುವುದು ಆರ್ಕೈವ್ (arXiv) ಅನ್ನುವ ಎಲ್ಲರಿಗೂ ತೆರೆದ ಸರ್ವರ್‌ನಲ್ಲಿ, ಜರ್ನಲ್ ಮಾಡುವುದು ರಿವ್ಯೂ ಮಾತ್ರ.

ನಮ್ಮ ಮನೆಯಂಗಳದಲ್ಲೂ ಇದರ ಹಳೇ ಬೇರು ಇದೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಜರ್ನಲ್‌ಗಳನ್ನು, ಭೌತವಿಜ್ಞಾನದ "ಪ್ರಮಾಣ" ಇರಲಿ, ಜರ್ನಲ್ ಆಫ್ ಬಯೋಸೈನ್ಸಸ್ ಇರಲಿ, ವಿದೇಶಿ ಪ್ರಕಾಶಕ ಸ್ಪ್ರಿಂಗರ್ ಜೊತೆ ಒಪ್ಪಂದ ಆದ ಮೇಲೂ ಅಕಾಡೆಮಿಯ ತಾಣದಲ್ಲಿ ದುಡ್ಡಿಲ್ಲದೆ ಓದುವಂತೆ ಇಟ್ಟುಕೊಂಡು ಬಂದಿದ್ದಾರೆ. 1932ರಿಂದ ಬರುತ್ತಿರುವ ಕರೆಂಟ್ ಸೈನ್ಸ್ ಕೂಡ ಬೆಂಗಳೂರಿನದೇ. ವಿದೇಶಿ ಹೆಸರಿನ ಹಿಂದೆ ಓಡುವ ಮೊದಲು ಇವುಗಳ ಸೂಚನೆಗಳ ಪುಟ ಒಮ್ಮೆ ಓದಿ.

ಡೈಮಂಡ್‌ನ ದೌರ್ಬಲ್ಯವೂ ಇದೆ. ಕೈಯಲ್ಲಿ ಕಾಸಿಲ್ಲದ ಜರ್ನಲ್‌ಗಳು ತಡವಾಗುತ್ತವೆ, ಕೆಲವು ಸದ್ದಿಲ್ಲದೆ ನಿಂತುಹೋಗುತ್ತವೆ, ತಾಣ ಮುಚ್ಚಿದರೆ ಹಳೇ ಪೇಪರ್‌ಗಳೂ ಮಾಯ. ಹೀಗಾಗಿ ಹಿಂದಿನ ಮೂರು ವರ್ಷದ ಸಂಚಿಕೆಗಳು ಸರಿಯಾಗಿ ಬಂದಿವೆಯಾ, ಪೇಪರಿಗೆ ಡಿಒಐ ಸಂಖ್ಯೆ, ಅಂದರೆ ಆನ್‌ಲೈನಿನಲ್ಲಿ ಅದರ ಕಾಯಂ ಗುರುತಿನ ಸಂಖ್ಯೆ ಕೊಡುತ್ತಾರಾ ಅಂತ ನೋಡಿಕೊಳ್ಳಿ. ಇವೆರಡೂ ಇದ್ದರೆ ಕಣ್ಣು ಮುಚ್ಚಿ ಕಳಿಸಬಹುದು ಅನ್ನುವಷ್ಟು ನನಗೆ ಇವುಗಳ ಮೇಲೆ ಪ್ರೀತಿ.

ಗ್ರೀನ್: ಯಾರೂ ಬಳಸದ ಹಕ್ಕು

ಜರ್ನಲ್ ಯಾವುದೇ ಇರಲಿ, ನಿಮ್ಮ ಪ್ರತಿಯನ್ನು ನೀವೇ ರೆಪೊಸಿಟರಿಗೆ ಹಾಕುವುದಕ್ಕೆ ಗ್ರೀನ್ ಅನ್ನುತ್ತಾರೆ. ಹೆಚ್ಚು ಹೊತ್ತು ಇಲ್ಲಿ ನಿಲ್ಲುತ್ತೇನೆ. ಯಾಕೆಂದರೆ ಇದಕ್ಕೆ ಒಂದು ಪೈಸೆಯೂ ಬೇಡ, ಆದರೂ ನಮ್ಮಲ್ಲಿ ಇದನ್ನು ಮಾಡುವವರು ಬಹಳ ಕಮ್ಮಿ.

ಹೈಬ್ರಿಡ್ ಜರ್ನಲ್‌ನಿಂದ ಒಪ್ಪಿಗೆಯ ಮೇಲ್ ಬಂದಿದೆ ಅಂದುಕೊಳ್ಳಿ. ಅದರಲ್ಲಿ ಒಂದು ಲಿಂಕ್. ಒತ್ತಿದರೆ ಎರಡು ಆಯ್ಕೆ. ಮೇಲಿನದು ಓಪನ್ ಆಕ್ಸೆಸ್, ಪಕ್ಕದಲ್ಲಿ ಸಾವಿರಾರು ಡಾಲರಿನ ಅಂಕಿ. ಎಷ್ಟೋ ಸಲ ಅದನ್ನೇ ದೊಡ್ಡದಾಗಿ, ಬಣ್ಣ ಹಾಕಿ ತೋರಿಸುತ್ತಾರೆ. ಕೆಳಗಿನದು ಸಬ್‌ಸ್ಕ್ರಿಪ್ಷನ್, ಅಂಕಿ ಸೊನ್ನೆ. ಎದೆ ಧಸಕ್ ಅನ್ನುವ ಜಾಗ ಇದೇ. ದುಡ್ಡು ಕಟ್ಟದಿದ್ದರೆ ಪೇಪರ್ ಬರುವುದಿಲ್ಲವೇನೋ ಅಂತ ಹೆದರಿ ಸಾಲ ಮಾಡಿ ಕಟ್ಟಿದವರೂ ಇದ್ದಾರೆ. ಹೆದರಬೇಡಿ. ಕೆಳಗಿನದನ್ನು ಒತ್ತಿದರೂ ಅದೇ ಪೇಪರ್, ಅದೇ ಜರ್ನಲ್, ಅದೇ ಸಂಚಿಕೆ. ಮುಂದಿನ ಪುಟದಲ್ಲಿ ಕಾಪಿರೈಟ್ ಒಪ್ಪಂದ ಬರುತ್ತದೆ. ಕಣ್ಣಾಡಿಸದೆ ಸಹಿ ಹಾಕುವ ಪುಟ ಅದು. ಅದರಲ್ಲೇ "ಅಕ್ಸೆಪ್ಟೆಡ್ ಮ್ಯಾನುಸ್ಕ್ರಿಪ್ಟ್" ಬಗ್ಗೆ ಒಂದು ಪ್ಯಾರಾ ಇರುತ್ತದೆ. ಅದನ್ನು ಓದಿ, ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಒಂದೇ ಪೇಪರಿಗೆ ಮೂರು ರೂಪ ಇರುತ್ತವೆ. ರಿವ್ಯೂಗೆ ಮುಂಚೆ ನೀವು ಕಳಿಸಿದ ಪ್ರತಿ ಪ್ರಿಪ್ರಿಂಟ್. ರಿವ್ಯೂ ಮಾಡಿದವರು ಹೇಳಿದ್ದನ್ನೆಲ್ಲ ತಿದ್ದಿ ಕೊನೆಗೆ ನೀವು ಕಳಿಸಿದ, ಒಪ್ಪಿಗೆಯಾದ ವರ್ಡ್ ಫೈಲ್ ಅಕ್ಸೆಪ್ಟೆಡ್ ಮ್ಯಾನುಸ್ಕ್ರಿಪ್ಟ್. ಸಾಲುಗಳ ನಡುವೆ ಅಗಲ ಜಾಗ, ಚಿತ್ರಗಳೆಲ್ಲ ಕೊನೆಯಲ್ಲಿ, ಲೋಗೋ ಇಲ್ಲ, ಪುಟಸಂಖ್ಯೆ ನಿಮ್ಮದೇ. ನೋಡಲು ಚೆನ್ನಾಗಿರದಿದ್ದರೂ ವಿಷಯ ಪೂರ್ತಿ ಅದರಲ್ಲಿದೆ. ಪ್ರಕಾಶಕರು ಅಂದವಾಗಿ ಜೋಡಿಸಿದ ಪಿಡಿಎಫ್ ಮೂರನೆಯದು. ಸಾಮಾನ್ಯವಾಗಿ ನೀವು ಹಂಚಬಾರದ್ದು ಈ ಮೂರನೆಯದು ಮಾತ್ರ. ನಮ್ಮವರು ಮಾಡುವುದು ಉಲ್ಟಾ. ಆ ಪಿಡಿಎಫನ್ನೇ ಸಂಶೋಧಕರ ಸಾಮಾಜಿಕ ಜಾಲತಾಣ ರಿಸರ್ಚ್‌ಗೇಟ್‌ಗೆ ಏರಿಸುತ್ತಾರೆ, ಹಾಕಬಹುದಾದ ವರ್ಡ್ ಫೈಲ್ ಹಳೇ ಲ್ಯಾಪ್‌ಟಾಪಿನಲ್ಲಿ ಕೊಳೆಯುತ್ತದೆ. ಎಲ್ಸೆವಿಯರ್ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ಇದೇ ವಿಷಯಕ್ಕೆ ರಿಸರ್ಚ್‌ಗೇಟ್ ಮೇಲೆ ಕೋರ್ಟಿಗೆ ಹೋಗಿದ್ದವು, 2023ರಲ್ಲಿ ರಾಜಿಯಾಯಿತು.

ಅಕ್ಸೆಪ್ಟೆಡ್ ಮ್ಯಾನುಸ್ಕ್ರಿಪ್ಟ್ ಹಾಕಲು ಎಷ್ಟೋ ಸಲ ಸ್ವಲ್ಪ ಕಾಲ ಕಾಯಬೇಕು, ಆ ಅವಧಿ ಪ್ರಕಾಶಕರಿಂದ ಪ್ರಕಾಶಕರಿಗೆ ಬೇರೆ. ಸ್ಪ್ರಿಂಗರ್‌ನ ಚಂದಾ ಜರ್ನಲ್‌ಗಳಲ್ಲಿ ಸಾಮಾನ್ಯವಾಗಿ 12 ತಿಂಗಳ ನಂತರ ಸಂಸ್ಥೆಯ ರೆಪೊಸಿಟರಿಗೆ ಹಾಕಬಹುದು. ಎಲ್ಸೆವಿಯರ್‌ನಲ್ಲಿ ಇನ್ನೂ ಜಾಸ್ತಿ ಆಗಬಹುದು. ಎಮರಾಲ್ಡ್ ಅನ್ನುವ ಪ್ರಕಾಶಕರಲ್ಲಿ ಕಾಯಬೇಕಿಲ್ಲ. ಜರ್ನಲ್ ಹೆಸರು ಹಾಕಿದರೆ ನಿಯಮ ತೋರಿಸುವ ಶೆರ್ಪಾ ರೋಮಿಯೋ ಅನ್ನುವ ಸೇವೆಯಿದೆ, ಈಗ ಅದರ ಹೆಸರು ಓಪನ್ ಪಾಲಿಸಿ ಫೈಂಡರ್. ಪೇಪರ್ ಕಳಿಸುವ ಮುಂಚೆಯೇ ಅಲ್ಲಿ ನೋಡಿ.

ಪ್ರಿಪ್ರಿಂಟ್‌ಗೆ ಈ ಕಾಯುವಿಕೆಯೂ ಇಲ್ಲ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಲಾಸ್ ಅಲಾಮೋಸ್‌ನಲ್ಲಿ ಶುರು ಮಾಡಿದ ಆರ್ಕೈವ್ ಸರ್ವರ್‌ಗೆ ಈಗ ತಿಂಗಳಿಗೆ 20,000ಕ್ಕೂ ಹೆಚ್ಚು ಪೇಪರ್ ಬರುತ್ತವೆ. ಭೌತವಿಜ್ಞಾನ, ಗಣಿತ, ಕಂಪ್ಯೂಟರ್‌ನವರು ಬೆಳಗ್ಗೆ ಎದ್ದು ನೋಡುವುದೇ ಅದನ್ನು. ಜೀವವಿಜ್ಞಾನಕ್ಕೆ 2013ರಿಂದ ಬಯೋಆರ್ಕೈವ್ ಇದೆ.

ಇದು ಹೊರಗಿನಿಂದ ಬಂದ ಹೊಸ ಚಾಳಿ ಅಂತ ಯಾರಾದರೂ ಅಂದರೆ ರಾಮನ್ ಕಥೆ ಹೇಳಿ. 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಅವರು ತಮ್ಮ ಹೊಸ ಬೆಳಕಿನ ಬಗ್ಗೆ ಮಾತಾಡಿದರು. ಆ ಭಾಷಣ ಅವರೇ ಎರಡು ವರ್ಷ ಮೊದಲು ಶುರು ಮಾಡಿದ್ದ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ತಿಂಗಳೊಳಗೆ ಅಚ್ಚಾಯಿತು. ಅದರ ಪ್ರತಿಗಳನ್ನು ದೇಶವಿದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. 1930ರಲ್ಲಿ ನೊಬೆಲ್ ಬಂತು. ಓದಬೇಕಾದವರ ಕೈಗೆ ಬೇಗ ತಲುಪಿಸುವುದೇ ಮುಖ್ಯ ಅಂತ ಅವರಿಗೆ ಗೊತ್ತಿತ್ತು.

ಬೆಂಗಳೂರಿನ ಐಐಎಸ್‌ಸಿ 2002ರಲ್ಲೇ ಇ-ಪ್ರಿಂಟ್ಸ್ ರೆಪೊಸಿಟರಿ ತೆರೆಯಿತು, ನಮ್ಮ ದೇಶದಲ್ಲಿ ಅದೇ ಮೊದಲು. 2006ರ ನವೆಂಬರ್‌ನಲ್ಲಿ ಅಲ್ಲೇ ನಡೆದ ಸಭೆಯೊಂದು ಅಭಿವೃದ್ಧಿಶೀಲ ದೇಶಗಳಿಗೆ ಓಪನ್ ಆಕ್ಸೆಸ್ ನೀತಿಯ ಮಾದರಿಯನ್ನೇ ಬರೆದುಕೊಟ್ಟಿತು. ಕೇಂದ್ರದ ಡಿಎಸ್‌ಟಿ (ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ), ಡಿಬಿಟಿ (ಜೈವಿಕ ತಂತ್ರಜ್ಞಾನ ಇಲಾಖೆ) 2014ರ ಡಿಸೆಂಬರ್‌ನಲ್ಲಿ ತಮ್ಮ ಅನುದಾನದ ಪೇಪರ್‌ಗಳನ್ನು ರೆಪೊಸಿಟರಿಗೆ ಹಾಕಬೇಕು ಅಂತ ನೀತಿ ಮಾಡಿದವು. ಇಷ್ಟೆಲ್ಲ ಇದ್ದೂ ನಮ್ಮ ಬಹುಪಾಲು ರಾಜ್ಯ ಯೂನಿವರ್ಸಿಟಿಗಳಲ್ಲಿ ಪೇಪರ್ ಹಾಕುವ ಅಭ್ಯಾಸ ಬೇರೂರಿಲ್ಲ. ಥೀಸಿಸ್‌ಗಳು ಶೋಧಗಂಗಾ ಅನ್ನುವ ರಾಷ್ಟ್ರೀಯ ಥೀಸಿಸ್ ಭಂಡಾರಕ್ಕೆ ಹೋಗುತ್ತವೆ, ಅದು ಕಡ್ಡಾಯ ಆದದ್ದರಿಂದ. ಪೇಪರಿಗೂ ಅಷ್ಟೇ ಗಟ್ಟಿ ನಿಯಮ ಬೇಕು.

ಯಾರಿಗೆ ಯಾವುದು

ಪಿಎಚ್‌ಡಿ ಮಾಡುತ್ತಿದ್ದೀರಿ, ಕೈಯಲ್ಲಿ ಫೆಲೋಶಿಪ್ ಮಾತ್ರ ಇದೆ: ಚಂದಾ ಜರ್ನಲ್ ಅಥವಾ ಡೈಮಂಡ್, ಜೊತೆಗೆ ಪ್ರಿಪ್ರಿಂಟ್. ಥೀಸಿಸ್ ಕೊಡುವ ಮುಂಚೆ ಪೇಪರ್ ಬರಲೇಬೇಕು ಅನ್ನುವ ಕಡ್ಡಾಯವನ್ನು ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟಿದೆ, ಆದರೆ ನಿಮ್ಮ ಯೂನಿವರ್ಸಿಟಿ ಉಳಿಸಿಕೊಂಡಿರಬಹುದು. ಆ ಸುತ್ತೋಲೆ ತರಿಸಿ ಓದಿ. "ಗಡುವು ಬಂತು" ಅನ್ನುವ ಗಾಬರಿಯಲ್ಲೇ ಜನ ಮೋಸದ ಜರ್ನಲ್‌ಗೆ ಬೀಳುವುದು.

ಪ್ರಮೋಷನ್‌ಗೆ ಪೇಪರ್ ಬೇಕಾದ ಕಾಲೇಜು ಅಧ್ಯಾಪಕರು ಮೊದಲು ತಮ್ಮ ಆಯ್ಕೆ ಸಮಿತಿ ಯಾವ ಪಟ್ಟಿ ಒಪ್ಪುತ್ತದೆ ಅಂತ ಬರಹದಲ್ಲಿ ಪಡೆದುಕೊಳ್ಳಿ. ನಾಲ್ಕು ಕಳಪೆ ಪೇಪರಿಗಿಂತ ಒಂದು ಒಳ್ಳೆಯದು ಮೇಲು ಅನ್ನುವುದು ಹೇಳಲು ಸುಲಭ, ಪಾಯಿಂಟ್ ಲೆಕ್ಕ ಹಾಕುವವರ ಮುಂದೆ ಕಷ್ಟ ಅಂತ ಗೊತ್ತು. ಆದರೂ ಅದನ್ನೇ ಹೇಳುತ್ತೇನೆ.

ಪ್ರಾಜೆಕ್ಟ್ ಅನುದಾನದಲ್ಲಿ ಪ್ರಕಟಣೆಗೆ ಅಂತಲೇ ದುಡ್ಡಿದ್ದರೆ, ಸಂಘಸಂಸ್ಥೆಗಳು ನಡೆಸುವ ಗೋಲ್ಡ್ ಜರ್ನಲ್‌ಗೆ ಕೊಡಿ. ವೈದ್ಯಕೀಯ, ಕೃಷಿ, ನೀರು, ಇಂಥ ವಿಷಯಗಳಲ್ಲಿ ಪೇಪರ್ ಮೊದಲ ದಿನದಿಂದಲೇ ಎಲ್ಲರಿಗೂ ಸಿಗುವುದಕ್ಕೆ ಬೆಲೆಯಿದೆ.

ಕನ್ನಡದಲ್ಲಿ ಸಂಶೋಧನೆ ಬರೆಯುವವರ ಕಷ್ಟ ಬೇರೆಯೇ. ಶಾಸನ, ಜಾನಪದ, ವ್ಯಾಕರಣ, ಸ್ಥಳೀಯ ಇತಿಹಾಸದ ಲೇಖನಗಳು ಅಭಿನಂದನ ಗ್ರಂಥಗಳಲ್ಲಿ, ಸಂಘದ ಸಂಚಿಕೆಗಳಲ್ಲಿ ಅಚ್ಚಾಗಿ ಅಲ್ಲೇ ಉಳಿದುಬಿಡುತ್ತವೆ. ಇವುಗಳಿಗೆ ಲೋಗೋದ ಹಂಗಿಲ್ಲ, ಹೆಚ್ಚಿನ ಸಲ ಕಾಪಿರೈಟೂ ಬರೆದವರ ಬಳಿಯೇ ಇರುತ್ತದೆ. ಸಂಪಾದಕರಿಗೆ ಒಂದು ಮಾತು ಹೇಳಿ, ಜಿನೀವಾ ಹತ್ತಿರದ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಜೆನೋಡೋ ರೆಪೊಸಿಟರಿಗೆ ಹಾಕಿ. ಯಾವ ವಿಷಯ, ಯಾವ ಭಾಷೆ ಆದರೂ ಆಗುತ್ತದೆ, ಖರ್ಚಿಲ್ಲ, ಡಿಒಐ ಅಲ್ಲೇ ಸಿಗುತ್ತದೆ. ನುಡಿ ಅಥವಾ ಹಳೇ ಫಾಂಟಿನಲ್ಲಿ ಮಾಡಿದ ಫೈಲನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಹುಡುಕಿದವರಿಗೆ ಒಳಗಿನ ಒಂದು ಪದವೂ ಸಿಗುವುದಿಲ್ಲ. ಶೀರ್ಷಿಕೆಯಲ್ಲಿ ಊರಿನ ಹೆಸರು, ತಾಲ್ಲೂಕು, ಶಾಸನದ ಕಾಲ ಇರಲಿ. ಲೈಸೆನ್ಸ್ ಕೇಳುವ ಜಾಗದಲ್ಲಿ ಸಿಸಿ ಬೈ ಆರಿಸಿದರೆ, ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಶಾಲೆಯ ಪಾಠಕ್ಕೂ ವಿಕಿಪೀಡಿಯಕ್ಕೂ ಸೇರಿಸಬಹುದು.